ಓವರ್‌ಹೆಡ್ ಕ್ಯಾಬಿನೆಟ್ ಕೆಳಗೆ ಯಾವ ಲೈಟ್ ಹಾಕ್ಸೋದು? ಸುತಾರ (ಬಡಗಿ) ಒಂದು ಹೇಳ್ತಾನೆ, ಮನೆಯವರು ಇನ್ನೊಂದು

ಮುಲುಂಡ್ ಅಕ್ಕ
ಎಲ್ರಿಗೂ ನಮಸ್ಕಾರ. ಮುಲುಂಡ್ ಈಸ್ಟಲ್ಲಿ ನಮ್ಮದು ಹಳೇ ಬಿಲ್ಡಿಂಗ್, ಈಗ ಕಿಚನ್ ಪೂರಾ ಕಿತ್ತು ಹೊಸತು ಮಾಡಿಸ್ತಾ ಇದ್ದೇವೆ. ಎಲ್ ಶೇಪಿನ ಓಟಾ (ಅಡುಗೆ ಕಟ್ಟೆ), ಕಪ್ಪು ಗ್ರಾನೈಟು, ಮೇಲೆ ಒಂದು ಗೋಡೆಗೆ 7 ಅಡಿ, ಇನ್ನೊಂದಕ್ಕೆ 4 ಅಡಿ ಓವರ್‌ಹೆಡ್ ಬರ್ತದೆ. ಇಷ್ಟು ವರ್ಷ ಟ್ಯೂಬ್‌ಲೈಟ್ ಬೆನ್ನ ಹಿಂದೆ ಇದ್ದು ಹೆಚ್ಚುವ ಜಾಗಕ್ಕೆ ನಮ್ಮದೇ ನೆರಳು ಬೀಳ್ತಿತ್ತು, ಹಾಗಾಗಿ ಈ ಸಲ ಕ್ಯಾಬಿನೆಟ್ ಕೆಳಗೆ ಲೈಟ್ ಬೇಕೇ ಬೇಕು ಅಂತ ನಾನು ಹಠ ಹಿಡಿದದ್ದು.

ಸುತಾರ ಹೇಳುವುದು, ಎಲ್ಇಡಿ ಸ್ಟ್ರಿಪ್ ರೋಲ್ ತಂದು ಗೋಡೆ ಮತ್ತು ಕ್ಯಾಬಿನೆಟ್ ಸೇರುವ ಮೂಲೆಗೆ ಅಂಟಿಸಿ ಬಿಡ್ತೇನೆ, ಬಿಳಿ ಲೈಟು, ಫೂಟಿಗೆ 350 ಕೊಡಿ ಅಂತ. ನಮ್ಮ ಮನೆಯವರು ಅದೆಲ್ಲ ಎಂತಕ್ಕೆ, ಎರಡು ಟಿ5, ಅಂದ್ರೆ ಸಪೂರ ಎಲ್ಇಡಿ ಟ್ಯೂಬ್ ಹಾಕಿದ್ರೆ ಮುಗೀತು ಅಂತಾರೆ. ತಮ್ಮ ಬೆಂಗಳೂರಿಂದ ಫೋನ್ ಮಾಡಿ ಪ್ರೊಫೈಲ್, ಅಂದ್ರೆ ಸ್ಟ್ರಿಪ್ ಕೂರಿಸುವ ಅಲ್ಯೂಮಿನಿಯಂ ಚೌಕಟ್ಟು, ಇಲ್ಲದೆ ಹಾಕ್ಸಲೇಬೇಡ ಅಂತಾನೆ. ಮುಂದಿನ ವಾರ ಕಟ್ಟೆ ಮೇಲಿನ ಗೋಡೆಗೆ ಡ್ಯಾಡೋ ಟೈಲ್ಸ್ ಕೂರ್ತದೆ. ಗೊತ್ತಿದ್ದವರು ಸ್ವಲ್ಪ ಹೇಳಿ ಮಾರಾಯ್ರೆ, ಮಂಡೆ ಬಿಸಿ ಆಗಿದೆ.

ಬೊರಿವ್ಲಿ ಶೆಟ್ರು
ಟಿ5 ಹಾಕಿ ಮುಗಿಸಿ. ನಿಮ್ಮ ಮನೆಯವರು ಹೇಳಿದ್ದೇ ಸರಿ ಉಂಟು.

ಕೊಥ್ರುಡ್ ಧಾರವಾಡಿ
ಅಕ್ಕಾರ, ಯಾವ ಲೈಟು ಅನ್ನೂದು ಆಮ್ಯಾಲ ನೋಡೋಣು, ಮೊದಲ ವೈರ್ ಎಳಸ್ರಿ. ಟೈಲ್ಸ್ ಕುಂತ ಮ್ಯಾಲ ಏನ ಮಾಡಾಕ ಹೋದ್ರೂ ಕೇಸಿಂಗ್ ಪಟ್ಟಿ ಹೊಡದು ಚಂದ ಕೆಡಸ್ತಾರ. ಎರಡೂ ಗ್ವಾಡಿಗೆ ಒಂದೊಂದು ಪೈಪ್ ಇಡಸ್ರಿ, ಕ್ಯಾಬಿನೆಟ್ ತಳಕ್ಕ ಬರೂಹಂಗ. ಸ್ವಿಚ್ಚು ಮಿಕ್ಸರ್ ಪಾಯಿಂಟ್ ಬೋರ್ಡಿನ್ಯಾಗ ಬ್ಯಾಡ, ಅಡಗಿಮನಿ ಒಳಗ ಕಾಲಿಡೂ ಕಡೆ ಇರ್ಲಿ. ಕತ್ತಲದಾಗ ಓಟಾತನಕ ತಡಕಾಡಕೋತ ಹೋಗಿ ಸ್ವಿಚ್ ಹುಡಕೂದು ಯಾರಿಗೆ ಬೇಕ್ರಿ. ನಮ್ಮ ಮನ್ಯಾಗ ಎಲೆಕ್ಟ್ರಿಷಿಯನ್ ಕೇಳಲಾರದ ಬೋರ್ಡ್ ಹಿಂದ ಹಾಕಾಕ ಹೊಂಟಿದ್ದ, ನಮ್ಮವ್ವ ಅಡ್ಡ ನಿಂತ್ಳು ಅಂತ ಬಚಾವ್.

ಅರ್ಧ ಇಂಜಿನಿಯರ್ ಠಾಣೆ
ಧಾರವಾಡಿಯವರು ಹೇಳಿದ್ದಕ್ಕೆ ನನ್ನ ಓಟು. ಇನ್ನು ಸುತಾರನ ಪ್ಲ್ಯಾನ್‌ನಲ್ಲಿ ದೊಡ್ಡ ತೊಂದರೆ ಲೈಟ್ ಯಾವುದು ಅನ್ನೋದಲ್ಲ, ಎಲ್ಲಿ ಅನ್ನೋದು. ಓಟಾ ಅಗಲ ಸಾಮಾನ್ಯವಾಗಿ 24 ಇಂಚು, ಮೇಲಿನ ಕ್ಯಾಬಿನೆಟ್ ಆಳ 12 ಇಂಚು. ಗೋಡೆ ಮೂಲೇಲಿ ಸ್ಟ್ರಿಪ್ ಅಂಟಿಸಿದ್ರೆ ಟೈಲ್ಸ್ ಮಾತ್ರ ಥಳಥಳ ಅಂತದೆ, ಫೋಟೋಗೆ ಚೆನ್ನಾಗಿರುತ್ತೆ, ಆದ್ರೆ ನೀವು ಹೆಚ್ಚೋ ಜಾಗ ಕಟ್ಟೆಯ ಮುಂಭಾಗ, ಅಲ್ಲಿಗೆ ಬರೋ ಬೆಳಕು ಕಮ್ಮಿ. ಕ್ಯಾಬಿನೆಟ್ ತಳದ ಮುಂದಿನ ಅಂಚಲ್ಲಿ, ಅಂದ್ರೆ ಬಾಗಿಲ ಹಿಂದೇನೇ, ಲೈಟ್ ಕೂರಿಸಿ ಸ್ವಲ್ಪ ಗೋಡೆ ಕಡೆ ವಾಲಿಸಬೇಕು. 45 ಡಿಗ್ರಿ ಕಾರ್ನರ್ ಪ್ರೊಫೈಲ್ ಅಂತಾನೇ ಸಿಗುತ್ತೆ ಅದಕ್ಕೆ. ಮುಂದೆ ಒಂದಿಂಚು ಪಟ್ಟಿ ಇಳಿಸಿದ್ರೆ ಹಾಲ್‌ನಲ್ಲಿ ಸೋಫಾ ಮೇಲೆ ಕೂತವರ ಕಣ್ಣಿಗೂ ಹೊಡೆಯಲ್ಲ.

ಇನ್ನೊಂದು, ನಿಮ್ಮದು ಕಪ್ಪು ಗ್ರಾನೈಟ್ ಅಂತೀರಿ. ಪಾಲಿಶ್ ಮಾಡಿದ ಕಪ್ಪು ಕಲ್ಲಲ್ಲಿ ಪ್ರತಿಬಿಂಬ ನೇರ ಕಾಣುತ್ತೆ, ಮೀಟರಿಗೆ 60 ಎಲ್ಇಡಿ ಇರೋ ಮಾಮೂಲಿ ಸ್ಟ್ರಿಪ್ ಹಾಕಿದ್ರೆ ಕಟ್ಟೆ ತುಂಬ ಚುಕ್ಕಿ ಚುಕ್ಕಿ. ಅದಕ್ಕೇ ಸಿಒಬಿ ಸ್ಟ್ರಿಪ್ ತಗೊಳ್ಳಿ, ಅದ್ರಲ್ಲಿ ಚಿಪ್‌ಗಳು ಒತ್ತೊತ್ತಾಗಿದ್ದು ಮೇಲೆ ಒಂದೇ ಹಳದಿ ಲೇಪ ಇರುತ್ತೆ, ಉರಿದಾಗ ಒಂದೇ ಗೆರೆ ಥರ ಕಾಣುತ್ತೆ. ಇಲ್ಲ ಅಂದ್ರೆ ಮೀಟರಿಗೆ 120 ಇಲ್ಲಾ 240 ಇರೋದು, ಜೊತೆಗೆ ಹಾಲುಬಿಳಿ ಕವರ್ ಇರೋ ಆಳದ ಪ್ರೊಫೈಲ್.

ಬೊರಿವ್ಲಿ ಶೆಟ್ರು
ಇದಿಷ್ಟು ಓದುವಷ್ಟರಲ್ಲಿ ಟಿ5 ಹಾಕಿ ಅನ್ನ ಸಾರು ಮಾಡಿ ಆಗ್ತದೆ. ಟಿ5ಗೆ ಡ್ರೈವರ್, ಅಂದ್ರೆ ವೋಲ್ಟೇಜ್ ಇಳಿಸಿ ಕೊಡುವ ಡಬ್ಬ, ಬೇರೆ ಬೇಡ, ಸೀದಾ 230 ವೋಲ್ಟಿಗೆ ಕೊಡುದು. 1 ಅಡಿ, 2 ಅಡಿ, 4 ಅಡಿ ಎಲ್ಲ ಸಿಗ್ತದೆ, ಒಂದಕ್ಕೊಂದು ಪಿನ್ ಹಾಕಿ ಜೋಡಿಸಿದ್ರೆ ಆಯ್ತು. ಹೋದ್ರೆ ಗಲ್ಲಿ ಮೂಲೆಯ ಅಂಗಡಿಯಲ್ಲಿ ಹೊಸತು. ನಿಮ್ಮ ಸಿಒಬಿ ಹಾಳಾದ ದಿನ ಯಾರ ಹತ್ರ ಹೋಗುದು?

ಸಾಂತಾಕ್ರೂಜ್ ಮಾಣಿ
ಶೆಟ್ರ ಮಾತು ತೆಗೆದುಹಾಕುವ ಹಾಗಿಲ್ಲ. ನಮ್ಮ ಅಕ್ಕನ ಮನೆಯಲ್ಲಿ ಟಿ5 ಹಾಕಿ ವರ್ಷಗಟ್ಟಲೆ ಆಯ್ತು, ಎಂತ ತೊಂದರೆ ಇಲ್ಲ. ಆದರೆ ಅವರ ಕ್ಯಾಬಿನೆಟಿಗೆ ಮುಂದೆ ಇಳಿಪಟ್ಟಿ ಉಂಟು, ಟ್ಯೂಬ್ ಕಾಣುವುದಿಲ್ಲ. ಪಟ್ಟಿ ಇಲ್ಲದ ಹ್ಯಾಂಡಲ್‌ಲೆಸ್ ಕ್ಯಾಬಿನೆಟಿಗೆ ಹಾಕಿದ್ರೆ ಪಿನ್ನು, ವೈರು ಎಲ್ಲ ಹೊರಗೆ ಜೋತಾಡ್ತದೆ.

ಅರ್ಧ ಇಂಜಿನಿಯರ್ ಠಾಣೆ
ಟಿ5 ಕೆಟ್ಟದ್ದು ಅಂತ ನಾನು ಎಲ್ಲಿ ಅಂದೆ ಶೆಟ್ರೆ. ಸಿಂಕ್ ಮೇಲೆ 230 ವೋಲ್ಟಿನ ಪಿನ್ ಜಾಯಿಂಟ್ ಬೇಡ ಅಷ್ಟೆ. ಪಾತ್ರೆ ತೊಳೆಯೋವಾಗ ನೀರು ಎಲ್ಲಿಗೆಲ್ಲ ಹಾರುತ್ತೆ ಅಂತ ತೊಳೆಯೋರಿಗೇ ಗೊತ್ತು.

ಬೊರಿವ್ಲಿ ಶೆಟ್ರು
ಸಿಂಕ್ ಮೇಲೆ ಕ್ಯಾಬಿನೆಟ್ ಯಾರು ಮಾಡ್ತಾರೆ, ಅಲ್ಲಿ ಕಿಟಕಿ ಇರ್ತದೆ.

ಮುಲುಂಡ್ ಅಕ್ಕ
ನಮ್ಮಲ್ಲಿ ಸಿಂಕ್ ಮೇಲೆಯೇ ಕ್ಯಾಬಿನೆಟ್ ಶೆಟ್ರೆ 😅 ಕಿಟಕಿ ಇರುವಲ್ಲಿ ವಾಷಿಂಗ್ ಮಶಿನ್. ಮುಂಬೈ ಕಿಚನ್ ಅಲ್ವಾ. ಇಂಜಿನಿಯರ್ ಸರ್, ಮುಂದಿನ ಅಂಚಿನ ವಿಷಯ ಅರ್ಥ ಆಯ್ತು, ಒಳ್ಳೇದಾಯ್ತು. ಇನ್ನು ಬಣ್ಣ ಯಾವುದು? ಬಿಳಿಯಾ ಹಳದಿಯಾ?

ವಾಕಡ್ ವನಜ
ವಾರ್ಮ್ ವೈಟ್, 3000ಕೆ. ಈ ಕೆ ಅಂದ್ರೆ ಬೆಳಕಿನ ಬಣ್ಣದ ಅಳತೆ, ಕಮ್ಮಿ ಇದ್ರೆ ಹಳದಿ, ಜಾಸ್ತಿ ಇದ್ರೆ ಬಿಳಿ. ಬೇರೆ ಮಾತೇ ಇಲ್ಲ. ಬಿಳಿ ಹಾಕಿದ್ರೆ ಅಡುಗೆಮನೆ ಮೆಡಿಕಲ್ ಶಾಪ್ ಥರ ಕಾಣುತ್ತೆ ಕಣ್ರೀ.

ಡೊಂಬಿವ್ಲಿ ಕಾಕು
ವನಜಾ, ನಿಂಗೆ ಇನ್ನೂ ಕಣ್ಣು ಚೆನ್ನಾಗಿದೆ. ನನ್ನ ವಯಸ್ಸಿಗೆ ಬಂದು ಹಳದಿ ಲೈಟಲ್ಲಿ ತೊಗರಿಬೇಳೆ ಆರಿಸಿ ನೋಡು, ಹುಳ ಯಾವುದು ಬೇಳೆ ಯಾವುದು ಗೊತ್ತಾಗಲ್ಲ. ನಂಗೆ ಬಿಳಿನೇ ಬೇಕು. ಹೋಟೆಲ್‌ನವರು ಮಂದ ಬೆಳಕು ಇಡೋದು ಪ್ಲೇಟಲ್ಲಿ ಏನಿದೆ ಕಾಣ್ಬಾರ್ದು ಅಂತ.

ವಾಕಡ್ ವನಜ
ಕಾಕು 😂😂

ಮಡಗಾಂವ್ ಪೈ ಮಾಮ್
ಬಿಳಿ ಹಳದಿ ಜಗಳ ಆಮೇಲೆ ಮಾಡಿ, ಸಿಆರ್‌ಐ, ಅಂದ್ರೆ ಲೈಟಿನ ಕೆಳಗೆ ಬಣ್ಣ ಎಷ್ಟು ಇದ್ದ ಹಾಗೆ ಕಾಣ್ತದೆ ಅನ್ನುವ ಅಳತೆ, ಎಷ್ಟು ಅಂತ ಯಾರೂ ಕೇಳ್ತಾ ಇಲ್ಲ. ನಾವು ದಿನಾ ಮೀನು ತರುವವರು. ಬಂಗುಡೆ ತಾಜಾ ಉಂಟಾ ಅಂತ ನೋಡುದು ಕಿವಿರು ಎತ್ತಿ, ಒಳಗೆ ಕೆಂಪು ಇದ್ರೆ ತಾಜಾ, ಕಂದಾದ್ರೆ ಹಳತು. ನಮ್ಮ ಹಳೇ ಲೈಟಿನ ಕೆಳಗೆ ಬೆಳಿಗ್ಗೆ ತಂದ ಮೀನೂ ನಿನ್ನೆಯದ್ದರ ಹಾಗೆ ಕಾಣ್ತಿತ್ತು. ಹೆಂಡ್ತಿ ಮೀನಿನವಳ ಹತ್ರ ಜಗಳವೇ ಮಾಡಿ ಬಂದಿದ್ದಾಳೆ! ಸಿಆರ್‌ಐ 90ರ ಮೇಲಿನ ಪಟ್ಟಿ ಹಾಕಿಸಿದ ಮೇಲೆ ಕೆಂಪು ಕೆಂಪಾಗಿಯೇ ಕಾಣ್ತದೆ, ಮೀನಿನವಳೂ ಬಚಾವ್.

ಅರ್ಧ ಇಂಜಿನಿಯರ್ ಠಾಣೆ
ಮಾಮ್ ಹೇಳಿದ್ದು ನೂರಕ್ಕೆ ನೂರು ಸತ್ಯ, ಕಾರಣಾನೂ ಕೇಳಿ. ಬಿಳಿ ಎಲ್ಇಡಿ ಅಂತ ನಾವು ಕರೆಯೋದ್ರೊಳಗೆ ಇರೋದು ನೀಲಿ ಚಿಪ್. ಅದರ ಮೇಲೆ ಹಳದಿ ಫಾಸ್ಫರ್ ಬಳಿದಿರ್ತಾರೆ, ನೀಲಿ ಹಳದಿ ಸೇರಿ ಕಣ್ಣಿಗೆ ಬಿಳಿ ಅನ್ಸುತ್ತೆ. ಆ ಬೆರಕೆಯಲ್ಲಿ ಕಡುಗೆಂಪು ತೀರಾ ಕಮ್ಮಿ. ಫಾಸ್ಫರ್ ಒಳ್ಳೇದು ಹಾಕಿದ್ರೆ ಕೆಂಪೂ ಬರುತ್ತೆ, ಅದೇ ಹೈ ಸಿಆರ್‌ಐ. ಇದ್ರಲ್ಲೊಂದು ಕಳ್ಳದಾರಿ ಇದೆ, ಪ್ಯಾಕೆಟ್ ಮೇಲೆ ಬರೆಯೋ ಸಿಆರ್‌ಐ ಅಂದ್ರೆ 8 ಬಣ್ಣಗಳ ಸರಾಸರಿ, ಕಡುಗೆಂಪು ಅದರಲ್ಲಿ ಲೆಕ್ಕಕ್ಕೇ ಇಲ್ಲ. ಅದನ್ನ ಆರ್9 ಅಂತ ಬೇರೆ ಅಳೀತಾರೆ. ಹಾಗಾಗಿ ಸಿಆರ್‌ಐ 80 ಅಂತ ಬರೆದ ಪಟ್ಟಿಯಲ್ಲೂ ಟೊಮೆಟೊ ಸಪ್ಪೆ ಕಾಣಬಹುದು. ಅಂಗಡೀಲಿ ಆರ್9 ಎಷ್ಟು ಅಂತ ಕೇಳಿ, ಹೆಚ್ಚಿನವರು ಮುಖ ನೋಡ್ತಾರೆ, ಪರವಾಗಿಲ್ಲ, 90 ಪ್ಲಸ್ ಕೊಡಿ ಅನ್ನಿ. ಅಂದಹಾಗೆ ಈ ನೀಲಿ ಎಲ್ಇಡಿ ಮಾಡಿದ್ದಕ್ಕೇ 2014ರಲ್ಲಿ ಅಕಸಾಕಿ, ಅಮಾನೊ, ನಕಾಮುರಾ ಮೂವರಿಗೆ ಫಿಸಿಕ್ಸ್ ನೊಬೆಲ್ ಬಂತು. ಕೆಂಪು ಹಸಿರು 60ರ ದಶಕದಿಂದಲೇ ಇತ್ತು, ನೀಲಿ ಒಂದು ಸಿಗದೆ

ಕೊಥ್ರುಡ್ ಧಾರವಾಡಿ
ಸರ ಸರ ಸರ, ಅಕ್ಕಾರು ಅಡಗಿಮನಿ ಮಾಡಸಾಕತ್ತಾರ್ರಿ, ಪಿಎಚ್‌ಡಿ ಅಲ್ಲ.

ಅರ್ಧ ಇಂಜಿನಿಯರ್ ಠಾಣೆ
ಸರಿ ಸರಿ. 4000ಕೆ ಹಾಕಿ ಅಕ್ಕ. 6500ಕೆ ನೀಲಿ ಹೊಡೆಯುತ್ತೆ, 3000ಕೆ ಕಾಕುಗೆ ಆಗಲ್ಲ, 4000 ಇಬ್ಬರಿಗೂ ಒಪ್ಪಿಗೆ.

ವಾಕಡ್ ವನಜ
ನಂಗೆ ಒಪ್ಪಿಗೆ ಇಲ್ಲ. ಹಾಲ್‌ನಲ್ಲಿ ವಾರ್ಮ್ ಇದ್ದು ಓಪನ್ ಕಿಚನ್ನಲ್ಲಿ 4000 ಇದ್ರೆ ಎರಡು ಬಣ್ಣ ಕಿತ್ತಾಡ್ತವೆ. ಅಕ್ಕ ಮೊದ್ಲು ಅವ್ರ ಹಾಲ್ ಲೈಟ್ ಯಾವ್ದು ಅಂತ ನೋಡ್ಲಿ. ಎರಡೂ ಬೇಕು ಅಂದ್ರೆ ಸಿಸಿಟಿ ಸ್ಟ್ರಿಪ್ ಅಂತ ಇದೆ, ಒಂದೇ ಪಟ್ಟೀಲಿ ವಾರ್ಮ್ ಕೂಲ್ ಎರಡೂ ಇರುತ್ತೆ, ರಿಮೋಟಲ್ಲಿ ಬದಲಾಯಿಸ್ಬಹುದು.

ಡೊಂಬಿವ್ಲಿ ಕಾಕು
ರಿಮೋಟು! ಟಿವಿ ರಿಮೋಟೇ ಸಿಗಲ್ಲ ನಮ್ಮನೇಲಿ.

ವಾಸ್ಕೊ ಬಡಿಗೇರ
ನಾನು ಇದ ಕೆಲಸ ಮಾಡಾಂವ, ಗೋವಾದಾಗ ಕಿಚನ್ ಫಿಟ್ಟಿಂಗ್. ಯಾರೂ ಅಲ್ಯೂಮಿನಿಯಂ ಬಗ್ಗೆ ಸರಿಯಾಗಿ ಹೇಳವಲ್ಲರಿ. ಪ್ರೊಫೈಲ್ ಬರೇ ಚಂದಕ್ಕಲ್ಲ. ಎಲ್ಇಡಿ ಕಾಯ್ತೈತಿ, ಆ ಕಾವು ಹೋಗಾಕ ಲೋಹ ಬೇಕು. ಸ್ಟ್ರಿಪ್ ಸೀದಾ ಪ್ಲೈವುಡ್ಡಿಗೆ ಅಂಟಿಸಿದ್ರ ಕಾವು ಅಲ್ಲೇ ಉಳದು ಹಿಂದಿನ ಡಬಲ್ ಟೇಪ್ ಮೆತ್ತಗಾಗ್ತದ, ಒಗ್ಗರಣಿ ಹೊಗಿ, ಎಣ್ಣಿ ಜಿಡ್ಡು ಸೇರಿ ಒಂದ ಮಳಿಗಾಲ ಮುಗಿಯೂದ್ರಾಗ ಹಾವಿನಂಗ ಜೋತು ಬೀಳತೈತಿ. ಆಮ್ಯಾಲ ಸುತಾರ ಬಂದು ಫೆವಿಕ್ವಿಕ್ ಹಾಕ್ತಾನ, ಅದು ಇನ್ನೂ ಹೊಲಸು.

ಇನ್ನ ಸಮುದ್ರದ ಹವಾ. ಕ್ಲಿಪ್ ಕನೆಕ್ಟರ್ ಹಾಕಸಬ್ಯಾಡ್ರಿ. ಸ್ಟ್ರಿಪ್ ತುದಿಯ ತಾಮ್ರದ ಮ್ಯಾಲ ಆ ಕ್ಲಿಪ್ಪಿನ ಹಲ್ಲು ಬರೇ ಒತ್ತಿ ಕುಂತಿರತಾವು, ಉಪ್ಪಿನ ಗಾಳಿಗೆ ಹಸರು ಕಟ್ಟಿ ಲೈಟು ಮಿಣಿಮಿಣಿ ಅನ್ನಾಕ ಶುರು. ಬೆಸಗಿ ಹಾಕಸ್ರಿ, ಮ್ಯಾಲ ಹೀಟ್ ಶ್ರಿಂಕ್ ಟ್ಯೂಬ್ ಏರಸ್ರಿ. ಸೋಲ್ಡರ್ ಮಾಡಾಕ ಬರೂದಿಲ್ಲ ಅನ್ನೂ ಎಲೆಕ್ಟ್ರಿಷಿಯನ್‌ಗ ಸ್ಟ್ರಿಪ್ ಕೆಲಸ ಕೊಡಬ್ಯಾಡ್ರಿ. ಮತ್ತ ಪಟ್ಟಿ ಎಲ್ಲಿ ಬೇಕಂದ್ರ ಅಲ್ಲಿ ಕತ್ತರಸಾಕ ಬರೂದಿಲ್ಲ, ಮ್ಯಾಲ ಕತ್ತರಿ ಗುರ್ತು ಇರತೈತಿ, ಅಲ್ಲೇ ಕತ್ತರಸಬೇಕು.

ಸಾಂತಾಕ್ರೂಜ್ ಮಾಣಿ
ಬಡಿಗೇರ ಅಣ್ಣ, ಸಿಂಕಿನ ಮೇಲೆ ವಾಟರ್‌ಪ್ರೂಫ್ ಪಟ್ಟಿ ಬೇಕಾ?

ವಾಸ್ಕೊ ಬಡಿಗೇರ
ಪ್ರೊಫೈಲಿಗೆ ಕವರ್, ಎರಡೂ ತುದಿಗೆ ಮುಚ್ಚಳ ಇದ್ರ ಉಳದ ಕಡೆ ಸಾದಾ ಐಪಿ20 ನಡಿತೈತಿ. ಐಪಿ ಅಂದ್ರ ಧೂಳು, ನೀರು ಎಷ್ಟು ತಡೀತೈತಿ ಅನ್ನೂ ನಂಬರ್. ಸಿಂಕ್ ಮ್ಯಾಲ ಐಪಿ65 ಹಾಕ್ರಿ, ಸಿಲಿಕಾನ್ ಲೇಪದ್ದು. ಎಪಾಕ್ಸಿ ಲೇಪದ್ದು ಕೊಡ್ತಾರ ಸೋವಿ ಅಂತ, ಅದು ದಿನಾ ಹೋದಂಗ ಹಳದಿ ತಿರಗತೈತಿ.

ಹಿಂಜೆವಾಡಿ ಬಾಡಿಗೆದಾರ
ನಾವು ಬಾಡಿಗೆ ಮನೇಲಿ ಇರೋರು ಏನ್ ಮಾಡ್ಬೇಕು ಗುರು? 11 ತಿಂಗಳ ಅಗ್ರಿಮೆಂಟು, ಓನರ್ ಆಂಟಿ ಒಂದ್ ಮೊಳೆ ಹೊಡೆದ್ರೆ ಡಿಪಾಸಿಟ್ ಹಿಡ್ಕೋತಾರೆ.

ವಾಕಡ್ ವನಜ
ಯುಎಸ್‌ಬಿ ಚಾರ್ಜ್ ಮಾಡೋ ಮ್ಯಾಗ್ನೆಟ್ ಲೈಟ್ ಬರುತ್ತಲ್ಲ, ಅದು. ಕ್ಯಾಬಿನೆಟ್ ಕೆಳಗೆ ಒಂದು ಕಬ್ಬಿಣದ ಪಟ್ಟಿ ಅಂಟಿಸ್ಕೊಂಡು ಲೈಟ್ ಅದಕ್ಕೆ ತಗುಲಿಸೋದು. ಹೊತ್ತು ಹೊತ್ತಿಗೆ ಚಾರ್ಜ್ ಮಾಡೋ ಕರ್ಮ ಒಂದು ಬಿಟ್ರೆ ಬ್ಯಾಚುಲರ್ ಮ್ಯಾಗಿಗೆ ಸಾಕು.

ಹಿಂಜೆವಾಡಿ ಬಾಡಿಗೆದಾರ
ಮ್ಯಾಗಿ ಅಂತ ಹೇಗ್ ಗೊತ್ತಾಯ್ತು

ಬೊರಿವ್ಲಿ ಶೆಟ್ರು
ಹಿಂಜೆವಾಡಿ ಅಂದಾಗಲೇ ಗೊತ್ತಾಯ್ತು.

ಮುಲುಂಡ್ ಅಕ್ಕ
ನನ್ನ ಪ್ರಶ್ನೆ ಎಲ್ಲಿ ಹೋಯ್ತು ಮಾರಾಯ್ರೆ. ಎಲೆಕ್ಟ್ರಿಷಿಯನ್ ಬಂದಿದ್ದ, ಡ್ರೈವರ್ ಎಲ್ಲಿ ಇಡುದು ಮತ್ತೆ 12 ವೋಲ್ಟಾ 24 ವೋಲ್ಟಾ ಅಂತ ಕೇಳ್ತಾನೆ. ಚಿಮ್ನಿ ಮೇಲಿನ ಬಾಕ್ಸಲ್ಲಿ ಜಾಗ ಉಂಟು, ಅಲ್ಲಿ ಇಡ್ಲಾ ಅಂತ.

ಅರ್ಧ ಇಂಜಿನಿಯರ್ ಠಾಣೆ
ಚಿಮ್ನಿ ಬಾಕ್ಸ್ ಬೇಡವೇ ಬೇಡ! ಈ ಇಡೀ ವ್ಯವಹಾರದಲ್ಲಿ ಮೊದ್ಲು ಸಾಯೋದು ಎಲ್ಇಡಿ ಅಲ್ಲ, ಡ್ರೈವರ್. 50,000 ಗಂಟೆ ಅಂತ ಪ್ಯಾಕೆಟ್ ಮೇಲೆ ಬರೆದಿರೋದು ಎಲ್ಇಡಿ ಲೆಕ್ಕ, ಅದೂ ಬೆಳಕು 70 ಪರ್ಸೆಂಟಿಗೆ ಇಳಿಯೋವರೆಗಿನದು. ಡ್ರೈವರ್ ಒಳಗಿನ ಕೆಪಾಸಿಟರ್‌ನಲ್ಲಿ ದ್ರವ ಇರುತ್ತೆ, ಬಿಸಿಗೆ ಒಣಗುತ್ತೆ, ಸುಮಾರಾಗಿ 10 ಡಿಗ್ರಿ ಜಾಸ್ತಿ ಆದ್ರೆ ಅದರ ಆಯಸ್ಸು ಅರ್ಧ. ಒಲೆ ಮೇಲಿನ ಮುಚ್ಚಿದ ಡಬ್ಬದಲ್ಲಿ ಇಟ್ರೆ ಬೇಗ ಗೊಟಕ್. ಒಲೆಯಿಂದ ದೂರದ ಕ್ಯಾಬಿನೆಟ್ ತಲೆ ಮೇಲೆ, ಗಾಳಿ ಆಡೋ ಕಡೆ, ಸ್ಟೂಲ್ ಹಾಕಿ ಕೈ ಎಟುಕೋ ಕಡೆ ಇಡ್ಸಿ. ಕೈ ಎಟುಕೋದು ಮುಖ್ಯ. ಸುತಾರರಿಗೆ ಡ್ರೈವರ್ ಒಳಗಿಟ್ಟು ಪ್ಲೈ ಹೊಡೆದು ಲ್ಯಾಮಿನೇಟ್ ಅಂಟಿಸೋ ಚಟ, ಮುಂದೆ ಬದಲಾಯಿಸೋಕೆ ಲ್ಯಾಮಿನೇಟ್ ಒಡೀಬೇಕು.

ಇನ್ನು 24 ವೋಲ್ಟ್ ತಗೊಳ್ಳಿ. ನಿಮ್ಮದು ಒಟ್ಟು 11 ಅಡಿ, ಅಂದ್ರೆ 3.35 ಮೀಟರ್. ಮೀಟರಿಗೆ 10 ವ್ಯಾಟಿನ ಪಟ್ಟಿ ಹಿಡಿದ್ರೆ ಸುಮಾರು 34 ವ್ಯಾಟ್. ಡ್ರೈವರ್‌ನ ಪೂರ್ತಿ ದುಡಿಸಬಾರ್ದು, 80 ಪರ್ಸೆಂಟ್ ಒಳಗಿರಬೇಕು, ಅಂದ್ರೆ ಕಮ್ಮಿ ಅಂದ್ರೂ 42 ಆಯ್ತು, 60 ವ್ಯಾಟಿಂದು ತಗೊಂಡ್ರೆ ತಣ್ಣಗಿರುತ್ತೆ. ಇದೇ 34 ವ್ಯಾಟಿಗೆ 12 ವೋಲ್ಟಲ್ಲಿ 2.8 ಆಂಪಿಯರ್ ಹರೀಬೇಕು, 24ರಲ್ಲಿ 1.4 ಸಾಕು. ಕರೆಂಟ್ ಅರ್ಧ ಆದಮೇಲೆ ಪಟ್ಟಿ ಉದ್ದಕ್ಕೂ ವೋಲ್ಟೇಜ್ ಬೀಳೋದೂ ಅರ್ಧ, ಕೊನೇ ತುದಿ ಮಂಕಾಗಲ್ಲ.

ಕರೆಂಟ್ ಭಟ್ರು ಮಾಟುಂಗಾ
ಒಂದು ತಿದ್ದುಪಡಿ. ಬೀಳುವ ವೋಲ್ಟೇಜ್ ಅರ್ಧ ಆಗ್ತದೆ ನಿಜ, ಆದರೆ ಅದನ್ನು 12ರ ಬದಲು 24ರ ಮೇಲೆ ಹಿಡಿಯಬೇಕಲ್ಲ, ಹಾಗಾಗಿ ಶೇಕಡಾ ಲೆಕ್ಕದಲ್ಲಿ ನಷ್ಟ ಕಾಲು ಭಾಗಕ್ಕೆ ಇಳಿಯುತ್ತದೆ. ನಿಮ್ಮ ವಾದಕ್ಕೆ ಇನ್ನೂ ಬಲವೇ ಬಂತು. ಮತ್ತೆ 24 ವೋಲ್ಟ್ ಅಂತ ಉದ್ದುದ್ದ ಎಳೆದುಕೊಂಡು ಹೋಗುವುದೂ ಬೇಡ. ಎರಡು ಗೋಡೆಯ ಪಟ್ಟಿಗೂ ಡ್ರೈವರ್‌ನಿಂದ ಬೇರೆ ಬೇರೆ ಜೋಡಿ ವೈರ್ ಕೊಡಿ. ಒಂದರ ಬಾಲಕ್ಕೆ ಇನ್ನೊಂದು ಕಟ್ಟಿದರೆ ಮೊದಲನೆಯದರ ತಾಮ್ರದಲ್ಲೇ ಎಲ್ಲ ಕರೆಂಟೂ ಹೋಗಬೇಕಾಗುತ್ತದೆ.

ಡ್ರೈವರ್ ಮೇಲೆ ಬಿಐಎಸ್ (ಸರಕಾರದ ಗುಣಮಟ್ಟ ಸಂಸ್ಥೆ) ಗುರುತು ನೋಡಿ, ಐಎಸ್ 15885 ಅಂತ ಇರಬೇಕು, ಕೆಳಗೆ ಆರ್ ಅಕ್ಷರದಿಂದ ಶುರುವಾಗುವ ನಂಬರ್. ಎಲ್ಇಡಿ ಡ್ರೈವರಿಗೆ ಅದು ಕಡ್ಡಾಯ. ಬಿಳಿ ರಟ್ಟಿನ ಡಬ್ಬದಲ್ಲಿ ಹೆಸರು ದೆಸೆ ಇಲ್ಲದ್ದು ಕೊಟ್ಟರೆ ಮುಟ್ಟಬೇಡಿ.

ಕೊಥ್ರುಡ್ ಧಾರವಾಡಿ
ಡ್ರೈವರ್ ಮೇಲಿಟ್ರ ಜಿರಳಿ? ಬೆಚ್ಚಗ ಇರತೈತಿ ಅಂತ ಅದರ ಬಾಜೂಕ ಸಂಸಾರ ಹೂಡತಾವ್ರಿ. ನಮ್ಮ ಸೊಸೈಟ್ಯಾಗ ಒಬ್ಬರ ಡ್ರೈವರ್ ಬಿಚ್ಚಿದ್ರ ಒಳಗ ಪೂರ್ತಿ ಕುಟುಂಬ, ಮೊಟ್ಟಿ ಸಮೇತ!

ವಾಸ್ಕೊ ಬಡಿಗೇರ
ತೂತು ಇರೂ ಪತ್ರಾ ಡಬ್ಬಿಂದು ಬ್ಯಾಡ್ರಿ ಅದಕ್ಕ. ಪೂರ್ತಿ ಮುಚ್ಚಿದ ಸಪೂರ ಐಪಿ67 ಡ್ರೈವರ್ ಬರತೈತಿ, ಒಳಗ ಗಮ್ ತುಂಬಿರತಾರ, ಹುಳಾನೂ ಹೋಗೂದಿಲ್ಲ, ತೇವಾನೂ ಹೋಗೂದಿಲ್ಲ. ಸ್ವಲ್ಪ ತುಟ್ಟಿ.

ಡೊಂಬಿವ್ಲಿ ಕಾಕು
ಕರೆಂಟ್ ಬಿಲ್ ಎಷ್ಟು ಬರುತ್ತೆ ಅಂತ ಯಾರಾದ್ರೂ ಹೇಳಿದೀರಾ? ಬರೀ ಆಂಪಿಯರ್ ಆಂಪಿಯರ್.

ಕರೆಂಟ್ ಭಟ್ರು ಮಾಟುಂಗಾ
34 ವ್ಯಾಟ್, ದಿನಕ್ಕೆ 4 ಗಂಟೆ ಅಂತ ಇಟ್ಟುಕೊಳ್ಳಿ, ತಿಂಗಳಿಗೆ ಸುಮಾರು 4 ಯೂನಿಟ್ ಕಾಕು. ಗೀಸರನ್ನು ದಿನಾ ಐದು ನಿಮಿಷ ಬೇಗ ಆರಿಸಿದರೆ ಅದು ಅಲ್ಲೇ ಉಳೀತದೆ.

ಡೊಂಬಿವ್ಲಿ ಕಾಕು
ಹಾಗಾದ್ರೆ ಪರವಾಗಿಲ್ಲ. ಗೀಸರ್ ಆರ್ಸೋದು ನಮ್ಮ ಮಗನಿಗೆ ಹೇಳಿ.

ಭಾಂಡುಪ್ ಭಾವ
ನಾನು ಓದ್ತಾ ಇದ್ದೆ ಸುಮ್ನೆ. ಲೋಹಾರ್ ಚಾಳಿಗೆ ಹೋಗಿ ಅಕ್ಕ, ಕ್ರಾಫರ್ಡ್ ಮಾರ್ಕೆಟ್ ಹತ್ರದ ಎಲೆಕ್ಟ್ರಿಕ್ ಸಾಮಾನಿನ ಪೇಟೆ. ಫೂಟಿಗೆ 350 ಅಂತ ಸುತಾರ ಹೇಳಿದ್ದು ಕೇಳಿ ನಗು ಬಂತು, ಅಲ್ಲಿ ಹೋಗಿ ಪಟ್ಟಿ, ಪ್ರೊಫೈಲ್, ಡ್ರೈವರ್ ಬೇರೆ ಬೇರೆ ರೇಟ್ ಕೇಳಿ ಕೂಡಿಸಿ, ಆಮೇಲೆ ಅವನ ಹತ್ರ ಮಾತಾಡಿ. ದೀಪಾವಳಿ ಹತ್ರ ಮಾತ್ರ ಬೇಡ, ಅಲ್ಲಿ ಕಾಲಿಡ್ಲಿಕ್ಕೆ ಜಾಗ ಇರುದಿಲ್ಲ, ಸೀರಿಯಲ್ ಲೈಟಿನವರದ್ದೇ ರಾಜ್ಯ. ಒಂದೇ ಸಮಸ್ಯೆ, ಪ್ರೊಫೈಲ್ 2 ಮೀಟರ್, 3 ಮೀಟರ್ ಉದ್ದ ಬರ್ತದೆ. ನಾನು ಮಸ್ಜಿದ್ ಬಂದರಲ್ಲಿ ಲೋಕಲ್ ಹತ್ತಿ ಲಗೇಜ್ ಡಬ್ಬದಲ್ಲಿ ನಿಂತು ತಂದದ್ದು. ಒಬ್ಬ ಕೊತ್ತಂಬರಿ ಗಂಟಿನವ, ಒಬ್ಬ ಮೀನಿನ ಬುಟ್ಟಿಯವ, ನಡುವೆ ನಾನು ಭಾಲೆ ಹಿಡಿದ ಸೈನಿಕನ ಹಾಗೆ. ಘಾಟ್‌ಕೋಪರಲ್ಲಿ ಹತ್ತಿದವರೆಲ್ಲ ಅದನ್ನೇ ಹಿಡ್ಕೊಂಡು ನಿಂತ್ರು, ಕಂಬ ಅಂತ ತಿಳಿದು.

ಸಾಂತಾಕ್ರೂಜ್ ಮಾಣಿ
😂😂😂 ಬಗ್ಗಿಲ್ವಾ?

ಭಾಂಡುಪ್ ಭಾವ
ಬಗ್ಗಿದೆ. ಬಗ್ಗಿದ ತುಂಡು ನಮ್ಮ ಅಳತೆಗೆ ಬೇಡದೇ ಉಳಿದ ಪೀಸ್ ಆಯ್ತು ಪುಣ್ಯಕ್ಕೆ. ಅಂಗಡಿಯಲ್ಲೇ ಅಳತೆ ಕೊಟ್ರೆ ಕತ್ತರಿಸಿ ಕೊಡ್ತಾರೆ, ಅಳತೆ ಬರೆದುಕೊಂಡು ಹೋಗಿ.

ಕೊಥ್ರುಡ್ ಧಾರವಾಡಿ
ಪುಣೆದವ್ರಿಗೆ ಬುಧವಾರ ಪೇಟೆದಾಗ ತಾಪಕೀರ ಗಲ್ಲಿ. ಗಾಡಿ ನಿಲ್ಲಸಾಕ ಜಾಗಾ ಕೇಳಬ್ಯಾಡ್ರಿ. ಮತ್ತ ಮಧ್ಯಾಹ್ನ ಒಂದರಿಂದ ನಾಕರ ತನಕ ಪುಣೆ ಅಂಗಡಿಯವ್ರು ಬಾಗಲಾ ಹಾಕಿ ಮಲಗತಾರ ಅನ್ನೂದು ಎಲ್ಲಾರಿಗೂ ಗೊತ್ತೈತಿ.

ವಾಕಡ್ ವನಜ
ಅದು ಹಳೇ ಜೋಕು ಸಾರ್, ಈಗ ಎಲ್ರೂ ತೆಗೆದಿರ್ತಾರೆ.

ಕೊಥ್ರುಡ್ ಧಾರವಾಡಿ
ನೀವು ವಾಕಡದಾಗ ಇರ್ತೀರಿ, ಅದು ಪುಣೆ ಅಲ್ಲ ಅಂತ ನಮ್ಮ ಪೇಠದ ಅಂಗಡಿಯಾಂವ ಹೇಳತಾನ.

ಮುಲುಂಡ್ ಅಕ್ಕ
ಇನ್ನೊಂದು ಪ್ರಶ್ನೆ. ಕೈ ಬೀಸಿದ್ರೆ ಹತ್ತುವ ಸೆನ್ಸರ್ ಹಾಕಿಸುವಾ ಅಂತ ಮಗಳು ಹೇಳ್ತಾಳೆ. ಹಿಟ್ಟಿನ ಕೈಯಲ್ಲಿ ಸ್ವಿಚ್ ಮುಟ್ಟುವುದು ಬೇಡ ಅಂತ.

ಮಡಗಾಂವ್ ಪೈ ಮಾಮ್
ನಮ್ಮಲ್ಲಿ ಉಂಟು. ಮೀನು ತೊಳೆದ ಕೈಗೆ ಅನುಕೂಲವೇ. ಆದ್ರೆ ಕುಕ್ಕರ್ ಸೀಟಿ ಹತ್ರ ಇಡಬೇಡಿ, ಆವಿ ಹೋದಾಗಲೂ ಒಮ್ಮೊಮ್ಮೆ ಆರಿ ಹತ್ತಿ ಮಾಡ್ತದೆ. ಸ್ಟೀಲ್ ಪಾತ್ರೆ ಹತ್ರ ತಂದ್ರೂ ಅಷ್ಟೆ. ಮೊನ್ನೆ ನಮ್ಮ ತಾಯಿ ಪಾಯಸದ ದೊಡ್ಡ ಪಾತ್ರೆ ಎತ್ತುವಾಗ ಲೈಟ್ ಆರಿ, ದೇವರಿಗೆ ಇಡುವ ಮೊದಲೇ ಯಾರೋ ರುಚಿ ನೋಡಿದ್ದೀರಿ ಅಂತ ನಮಗೆಲ್ಲ ಬೈಗುಳ.

ಅರ್ಧ ಇಂಜಿನಿಯರ್ ಠಾಣೆ
ಸೆನ್ಸರ್ ಇದ್ರೂ ಮಾಮೂಲಿ ಸ್ವಿಚ್ ಒಂದು ಇರ್ಲಿ. ಡಿಮ್ಮರ್ ಬೇಕು ಅಂದ್ರೆ ಡ್ರೈವರ್ ಮತ್ತು ಪಟ್ಟಿ ಮಧ್ಯೆ ಕೂರೋ 24 ವೋಲ್ಟಿನ ಡಿಮ್ಮರ್ರೇ ಆಗ್ಬೇಕು. ಫ್ಯಾನ್ ರೆಗ್ಯುಲೇಟರ್ ಥರದ್ದು ಗೋಡೆಗೆ ಹಾಕಿದ್ರೆ ಸಾದಾ ಡ್ರೈವರ್ ಗುಂಯ್ ಅಂತ ಕೂಗಿ ಸುಟ್ಟೋಗಬಹುದು.

ಡೊಂಬಿವ್ಲಿ ಕಾಕು
ಡಿಮ್ಮರ್ ಇರ್ಲಿ ಮುಲುಂಡ್ ಅಕ್ಕ. ರಾತ್ರಿ ನೀರು ಕುಡಿಯೋಕೆ ಎದ್ದಾಗ ಪೂರ್ತಿ ಬೆಳಕು ಕಣ್ಣಿಗೆ ಹೊಡೆದ್ರೆ ಮತ್ತೆ ನಿದ್ದೆ ಬರಲ್ಲ. ಇದೊಂದು ವಿಷಯದಲ್ಲಿ ವನಜನ ಹಳದಿ ಪಾರ್ಟಿಗೆ ನಾನೂ ಸೇರ್ತೀನಿ.

ವಾಕಡ್ ವನಜ
ಬನ್ನಿ ಕಾಕು ಬನ್ನಿ, ಸ್ವಾಗತ ❤️

ವಸಾಯಿ ವಾಸಿ
ಲೇಟ್ ಆಗಿ ಬಂದೆ. 230 ವೋಲ್ಟಿಗೆ ಸೀದಾ ಹಾಕುವ ರೋಪ್ ಲೈಟ್ ಉಂಟಲ್ಲ, ಫಾಲ್ಸ್ ಸೀಲಿಂಗಿಗೆ ಹಾಕ್ತಾರೆ, ಅದನ್ನೇ ಹಾಕಿದ್ರೆ ಆಗುದಿಲ್ವಾ? ಡ್ರೈವರ್ ಕಿರಿಕಿರಿಯೇ ಇಲ್ಲ.

ಕರೆಂಟ್ ಭಟ್ರು ಮಾಟುಂಗಾ
ದಯವಿಟ್ಟು ಬೇಡ. ಅದು ಕೈಗೆಟುಕದ ಸೀಲಿಂಗಿಗೆ ಸರಿ. ಇಲ್ಲಿ ಒದ್ದೆ ಕೈ, ಸ್ಟೀಲ್ ಡಬ್ಬ, ನೀರು ಎಲ್ಲ ಗೇಣು ದೂರದಲ್ಲಿ. ಕತ್ತರಿಸಿದ ತುದಿಯ ಮುಚ್ಚಳ ಬಿದ್ದು ಹೋದರೆ ಒಳಗಿರುವುದು ಪೂರ್ತಿ ಮೇನ್ಸ್. ಮೇಲಾಗಿ ಸೋವಿಯದ್ದರಲ್ಲಿ ಸೆಕೆಂಡಿಗೆ 100 ಸಲ ಮಿನುಗು ಇರ್ತದೆ, ಕಣ್ಣಿಗೆ ನೇರ ಗೊತ್ತಾಗದಿದ್ದರೂ ಕೆಲವರಿಗೆ ತಲೆನೋವು ಬರ್ತದೆ. ಫೋನಿನ ಸ್ಲೋ ಮೋಷನ್ ಕ್ಯಾಮೆರಾ ಹಿಡಿದು ನೋಡಿ, ಕಪ್ಪು ಪಟ್ಟೆ ಓಡಾಡಿದರೆ ಆ ಲೈಟ್ ಅಂಗಡಿಯಲ್ಲೇ ಬಿಟ್ಟು ಬನ್ನಿ. ಇದನ್ನು ಡ್ರೈವರ್ ತಗೊಳ್ಳುವಾಗಲೂ ಮಾಡಬಹುದು. ಮತ್ತೆ ಮನೆಗೆ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಆರಿಸುವ ಸ್ವಿಚ್, ಇಲ್ಲದಿದ್ದರೆ ಈ ರಿನೋವೇಶನ್‌ನಲ್ಲೇ ಹಾಕಿಸಿ ಅಕ್ಕ, ಹಳೇ ಬಿಲ್ಡಿಂಗ್ ಅಂತೀರಿ.

ವಸಾಯಿ ವಾಸಿ
ಓ, ಸರಿ. ನಮ್ಮ ಅಂಗಡಿಯವ ಅದೇ ಕೊಡ್ಲಿಕ್ಕೆ ಹೊರಟಿದ್ದ.

ಬೊರಿವ್ಲಿ ಶೆಟ್ರು
ಟಿ5.

ಮುಲುಂಡ್ ಅಕ್ಕ
ಶೆಟ್ರೆ 😂 ಕೇಳಿ, ನಿಮಗೂ ಅರ್ಧ ಜಯ ಉಂಟು. ಕಿಟಕಿ ಕಡೆಯ ವಾಷಿಂಗ್ ಮಶಿನ್ ಮೇಲಿನ ಶೆಲ್ಫಿಗೆ ಟಿ5 ಹಾಕಿಸ್ತೇವೆ, ಮನೆಯವರ ಮಾನವೂ ಉಳೀತದೆ. ಕಿಚನಿಗೆ 24 ವೋಲ್ಟ್ ಸಿಒಬಿ, 4000ಕೆ, ಸಿಆರ್‌ಐ 90, ಮುಂದಿನ ಅಂಚಲ್ಲಿ ಕಾರ್ನರ್ ಪ್ರೊಫೈಲ್, ಸಿಂಕ್ ಮೇಲೆ ಐಪಿ65. ಡ್ರೈವರ್ ಫ್ರಿಜ್ ಕಡೆಯ ಕ್ಯಾಬಿನೆಟ್ ಮೇಲೆ. ಸುತಾರನಿಗೆ ಹೇಳಿದ್ರೆ ಮುಖ ಊದಿಸಿಕೊಂಡ, ಇಷ್ಟು ವರ್ಷ ಎಲ್ಲರ ಮನೆಯಲ್ಲಿ ಗೋಡೆ ಮೂಲೆಗೇ ಹಾಕಿದ್ದು, ಯಾರೂ ದೂರು ಹೇಳಿಲ್ಲ ಅಂತ. ಸಾಮಾನು ನಾವು ತರುದು, ಅವ ಬರೇ ಕೂರಿಸುದು, ಅದಕ್ಕೆ ಬೇರೆ ಮಜೂರಿ ಬೇಕಂತೆ.

ವಾಸ್ಕೊ ಬಡಿಗೇರ
ಮಜೂರಿ ಕೊಡ್ರಿ ಅಕ್ಕಾರ, ಅದು ನ್ಯಾಯ ಐತಿ. ಪ್ರೊಫೈಲ್ ಕೂರಸಾಕ ಕ್ಯಾಬಿನೆಟ್ ತಳದಾಗ ರೂಟರ್ ಮಶಿನ್ ಹಾಕಿ ಉದ್ದಕ ಕಾಲಿವಿ ಕೊರೀಬೇಕಂದ್ರ ಅದು ಕ್ಯಾಬಿನೆಟ್ ಗ್ವಾಡಿಗೆ ಏರೂದಕ್ಕ ಮೊದಲ ಆಗಬೇಕು, ಈಗ ಹೇಳಿಬಿಡ್ರಿ. ಮ್ಯಾಲ ಸ್ಕ್ರೂ ಹೊಡದು ಕೂರಸೂದಾದ್ರ ಆಮ್ಯಾಲನೂ ನಡಿತೈತಿ. ಮತ್ತ ಕವರ್ ಮ್ಯಾಲ ಎಣ್ಣಿ ಕುಂದ್ರತೈತಿ, ವಾರಕ್ಕೊಮ್ಮೆ ಪಾತ್ರಿ ಸೋಪಿನ ನೀರಾಗ ಬಟ್ಟಿ ಹಿಂಡಿ ಒರಸ್ರಿ. ಥಿನ್ನರ್ ಗಿನ್ನರ್ ಹಚ್ಚಿದ್ರ ಕವರ್ ಮಬ್ಬಾಗತೈತಿ.

ಕರೆಂಟ್ ಭಟ್ರು ಮಾಟುಂಗಾ
ಪಟ್ಟಿ ಕೊಳ್ಳುವಾಗ ಅದೇ ರೋಲಿನಿಂದ ಒಂದು ಮೀಟರ್ ಜಾಸ್ತಿ ತಗೊಂಡು ಇಟ್ಟುಕೊಳ್ಳಿ. ಮುಂದೆ ಒಂದು ತುಂಡು ಕೆಟ್ಟು ಬೇರೆ ರೋಲಿನದ್ದು ತಂದರೆ ಅದೂ 4000ಕೆ ಅಂತಲೇ ಬರೆದಿರ್ತದೆ, ಆದರೆ ಬಣ್ಣ ಕೂಡಿ ಬರುವುದಿಲ್ಲ. ಬಿಲ್ಲು ಪಕ್ಕಾ ಕೇಳಿ, ವಾರಂಟಿ ಡ್ರೈವರಿಗೆ ಬೇರೆ ಪಟ್ಟಿಗೆ ಬೇರೆ ಇರ್ತದೆ.

ಮುಲುಂಡ್ ಅಕ್ಕ
ಆಯ್ತು ಭಟ್ರೆ. ಶನಿವಾರ ಲೋಹಾರ್ ಚಾಳಿಗೆ ಹೋಗ್ತೇವೆ. ಭಾಂಡುಪ್ ಭಾವ, ಪ್ರೊಫೈಲ್ ಅಂಗಡಿಯಲ್ಲೇ ಕತ್ತರಿಸಿ ತರ್ತೇವೆ, ಟ್ಯಾಕ್ಸಿಯಲ್ಲಿ.

ಭಾಂಡುಪ್ ಭಾವ
ಟ್ಯಾಕ್ಸಿಗೆ ಕೊಡುವ ದುಡ್ಡಲ್ಲಿ ಇನ್ನೊಂದು ಪ್ರೊಫೈಲ್ ಬರ್ತದೆ ಅಕ್ಕ.

ಹಿಂಜೆವಾಡಿ ಬಾಡಿಗೆದಾರ
ಮ್ಯಾಗ್ನೆಟ್ ಲೈಟ್ ಆರ್ಡರ್ ಮಾಡ್ದೆ. ಅಂಟು ಕಿತ್ತರೆ ಲ್ಯಾಮಿನೇಟ್ ಕಿತ್ಕೊಂಡ್ ಬರಲ್ಲ ತಾನೆ?

ವಾಕಡ್ ವನಜ
ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ ನಿಧಾನಕ್ಕೆ ಕೀಳು. ಆಂಟಿ ಇಲ್ಲದಾಗ.